ಎಂಎಸ್ಸಿ ಪ್ರಾಜೆಕ್ಟ್ ಗ್ರಾಫುಗಳಿಗೆ ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದಂತೆ ಇಷ್ಟು: ರಸಾಯನಶಾಸ್ತ್ರದ ಎಂಎಸ್ಸಿ ಪ್ರಾಜೆಕ್ಟ್, 4 ಜಿಬಿ ರ‍್ಯಾಮಿನ ಹಳೆಯ ವಿಂಡೋಸ್ ಲ್ಯಾಪ್‌ಟಾಪ್, ಹಾಸ್ಟೆಲಿನಲ್ಲಿ ನೆಟ್ ಇದ್ದೂ ಇಲ್ಲದ ಹಾಗೆ, ಕೈಯಲ್ಲಿ ದುಡ್ಡಿಲ್ಲ. ಸೀನಿಯರ್‌ಗಳು "ಒರಿಜಿನ್ ಹಾಕ್ಕೋ, ಪೆನ್‌ಡ್ರೈವ್‌ನಲ್ಲಿ ಕೊಡ್ತೀವಿ" ಅನ್ನುತ್ತಿದ್ದಾರೆ. ಒರಿಜಿನ್ ಅಂದರೆ ವಿಜ್ಞಾನದ ಗ್ರಾಫುಗಳಿಗೆಂದೇ ಇರುವ, ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರ್. ಎಕ್ಸೆಲ್ ಯಾಕೆ ಸಾಕಾಗುವುದಿಲ್ಲ ಅನ್ನುವುದು ನಿಮ್ಮ ಅನುಮಾನ. ಜೊತೆಗೆ ಇದೇ ಕೆಲಸವನ್ನು ಕನ್ನಡದಲ್ಲೂ ಬರೆಯುವ ಆಸೆಯಿದೆ, ಹಾಗಾಗಿ ಗ್ರಾಫಿನ ಮೇಲೆ ಕನ್ನಡ ಅಕ್ಷರ ನೆಟ್ಟಗೆ ಮೂಡಬೇಕು.

ವಿದ್ಯಾರ್ಥಿಗಳು ತರುವ ಫಿಗರುಗಳನ್ನು ನೋಡುವುದು, ತಿದ್ದಿಸುವುದು ನನ್ನ ದಿನದ ಕೆಲಸದ ಒಂದು ಭಾಗ. ಅದರ ಮೇಲೆ ಹೇಳುತ್ತಿದ್ದೇನೆ. ಸಾಫ್ಟ್‌ವೇರ್ ಆರಿಸುವಾಗ ಎಲ್ಲರೂ ಮೊದಲು ನೋಡುವುದು ಅದರಲ್ಲಿ ಎಷ್ಟು ಬಗೆಯ ಚಾರ್ಟುಗಳಿವೆ ಅಂತ. ನಿಮಗೆ ಬೇಕಾಗುವುದು ಮೂರೋ ನಾಲ್ಕೋ ಬಗೆ, ಅವು ಎಲ್ಲದರಲ್ಲೂ ಇವೆ. ನೋಡಬೇಕಾದ್ದು ಬೇರೆ. ಒಂದೇ ಗ್ರಾಫನ್ನು ನೀವು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಗೈಡ್ "ಆ ಒಂದು ರೀಡಿಂಗ್ ಮತ್ತೆ ತೆಗಿ" ಅನ್ನುತ್ತಾರೆ, ಯೂನಿಟ್ ಬದಲಿಸು ಅನ್ನುತ್ತಾರೆ, ಜರ್ನಲ್ಲಿನವರು ಅಕ್ಷರ ದೊಡ್ಡದು ಮಾಡಿ ಅನ್ನುತ್ತಾರೆ. ಹಾಗೆ ಮತ್ತೆ ಮಾಡುವಾಗ ಯಾವುದರಲ್ಲಿ ಕೈ ಕಡಿಮೆ ನೋಯುತ್ತದೋ ಅದನ್ನು ಆರಿಸಿ.

ಮೊದಲು ಎಕ್ಸೆಲ್ ವಿಚಾರ. ನಿಮ್ಮ ಹತ್ತಿರ ಅದು ಇದ್ದರೆ ಎಸೆಯಬೇಕಿಲ್ಲ. ಬೈಸಿಕೊಳ್ಳುವುದು ಎಕ್ಸೆಲ್ ಆದರೂ, ತಪ್ಪು ಹೆಚ್ಚಿನ ಸಲ ಅದರ ಡೀಫಾಲ್ಟ್‌ಗಳನ್ನು ಹಾಗೇ ಬಿಡುವುದರಲ್ಲಿದೆ. ಒಂದು ಉದಾಹರಣೆ ಕೊಡುತ್ತೇನೆ, ನಿಮ್ಮ ವಿಷಯದ್ದೇ. ಅರ್ಧಾಯು 40 ನಿಮಿಷ ಇರುವ ಒಂದು ಫಸ್ಟ್ ಆರ್ಡರ್ ಕ್ರಿಯೆ, ಅಂದರೆ ಪ್ರತಿ 40 ನಿಮಿಷಕ್ಕೆ ಉಳಿದ ಪದಾರ್ಥ ಅರ್ಧವಾಗುತ್ತ ಹೋಗುವಂಥದ್ದು. 0, 5, 10, 30, 60, 120ನೇ ನಿಮಿಷಗಳಲ್ಲಿ ರೀಡಿಂಗ್ ತೆಗೆದಿದ್ದೀರಿ. ಸಾಂದ್ರತೆ 100ರಿಂದ ಶುರುವಾಗಿ ಸುಮಾರು 92, 84, 59, 35, 12.5 ಆಗುತ್ತದೆ. ಇದನ್ನು 'ಲೈನ್' ಚಾರ್ಟಿನಲ್ಲಿ ಹಾಕಿದರೆ ಎಕ್ಸೆಲ್ ಸಮಯವನ್ನು ಸಂಖ್ಯೆ ಅಂತ ನೋಡುವುದೇ ಇಲ್ಲ, ಬರೀ ಹೆಸರುಪಟ್ಟಿ ಅಂದುಕೊಳ್ಳುತ್ತದೆ. 0ಕ್ಕೂ 5ಕ್ಕೂ ಎಷ್ಟು ಅಂತರವೋ 60ಕ್ಕೂ 120ಕ್ಕೂ ಅಷ್ಟೇ ಅಂತರ. ಆಗ ಗೆರೆ ಮೊದಲೆರಡು ಹೆಜ್ಜೆ ಎಂಟೆಂಟು ಇಳಿದು, ಆಮೇಲೆ ಧಡಾರನೆ ಇಪ್ಪತ್ತೈದರ ಹತ್ತಿರ ಇಳಿಯುತ್ತ ಹೋಗುತ್ತದೆ. ಅಂದರೆ ಕ್ರಿಯೆ ನಿಧಾನವಾಗಿ ಶುರುವಾಗಿ ನಂತರ ಜೋರಾದಂತೆ ಕಾಣುತ್ತದೆ. ನಿಜಕ್ಕೆ ಪೂರ್ತಿ ಉಲ್ಟಾ. ವೈವಾದಲ್ಲಿ ಯಾರಾದರೂ "ಇಲ್ಲಿ ಇಂಡಕ್ಷನ್ ಪೀರಿಯಡ್ ಯಾಕಿದೆ?" ಅಂತ ಕೇಳಿದರೆ ಇಲ್ಲದ ಇಂಡಕ್ಷನ್ ಪೀರಿಯಡ್ಡಿಗೆ (ಕ್ರಿಯೆ ಜೋರಾಗುವ ಮುನ್ನದ ನಿಧಾನದ ಅವಧಿಗೆ) ಕಾರಣ ಹುಡುಕುತ್ತ ನಿಲ್ಲಬೇಕು. ಅದೇ ಡೇಟಾವನ್ನು 'ಎಕ್ಸ್‌ವೈ ಸ್ಕ್ಯಾಟರ್' ಅಂತ ಹಾಕಿ, ಎಲ್ಲ ಸರಿಹೋಗುತ್ತದೆ. ಅಳೆದ ಸಂಖ್ಯೆಗಳು ಎರಡೂ ಅಕ್ಷಗಳಲ್ಲಿ ಇದ್ದರೆ ಸ್ಕ್ಯಾಟರ್ ಬಿಟ್ಟು ಬೇರೆ ಕಡೆ ಕೈ ಹಾಕಬೇಡಿ. ಎಕ್ಸೆಲಿನಂಥದ್ದೇ ಉಚಿತ ಸಾಫ್ಟ್‌ವೇರ್ ಆದ ಲಿಬ್ರೆಆಫೀಸ್ ಕ್ಯಾಲ್ಕಿನಲ್ಲೂ ಇದೇ ಕಥೆ.

ಇನ್ನೊಂದು ಎರರ್ ಬಾರ್, ಅಂದರೆ ರೀಡಿಂಗ್ ಎಷ್ಟು ಆಚೀಚೆ ಆಗಬಹುದು ಅಂತ ಬಿಂದುವಿನ ಮೇಲೆ ಕೆಳಗೆ ತೋರಿಸುವ ಗೀಟು. ಎಕ್ಸೆಲಿನ ಪಟ್ಟಿಯಲ್ಲಿ 'ಸ್ಟ್ಯಾಂಡರ್ಡ್ ಎರರ್' ಅಂತ ಒಂದು ಆಯ್ಕೆ ಎದುರಿಗೇ ಇರುತ್ತದೆ. ಒತ್ತಿದರೆ ಎಲ್ಲ ಬಿಂದುಗಳಿಗೂ ಒಂದೇ ಉದ್ದದ ಬಾರ್ ಬರುತ್ತದೆ. ಅದು ನೀವು ಮೂರು ಮೂರು ಸಲ ತೆಗೆದ ರೀಡಿಂಗುಗಳ ಎರರ್ ಅಲ್ಲ, ಆ ಇಡೀ ಸರಣಿಯ ಬೆಲೆಗಳನ್ನೇ ಹಿಡಿದು ಲೆಕ್ಕ ಹಾಕಿದ್ದು, ನಿಮ್ಮ ಪ್ರಯೋಗಕ್ಕೆ ಅದಕ್ಕೆ ಸಂಬಂಧವಿಲ್ಲ. ನಿಮ್ಮ ರಿಪೀಟ್‌ಗಳ ಡೀವಿಯೇಷನ್ನನ್ನು ಪಕ್ಕದ ಕಾಲಮ್ಮಿನಲ್ಲಿ ಲೆಕ್ಕ ಹಾಕಿ, 'ಕಸ್ಟಮ್' ಆಯ್ಕೆ ಮಾಡಿ ಆ ಕಾಲಮ್ಮನ್ನು ತೋರಿಸಬೇಕು. ಎಲ್ಲ ಬಾರುಗಳೂ ಒಂದೇ ಉದ್ದ ಇರುವ ಗ್ರಾಫ್ ಕಂಡರೆ ನಾನು ಮೊದಲು ಕೇಳುವುದೇ ಇದನ್ನು.

ಮೂರನೆಯದು ಟ್ರೆಂಡ್‌ಲೈನ್ ಸಮೀಕರಣ, ಬಿಂದುಗಳಿಗೆ ಹೊಂದುವಂತೆ ಎಕ್ಸೆಲ್ ಎಳೆಯುವ ಗೆರೆಯದ್ದು. ಕ್ಯಾಲಿಬ್ರೇಷನ್ ಗೆರೆ (ಗೊತ್ತಿರುವ ಸಾಂದ್ರತೆಗಳಿಗೆ ಉಪಕರಣ ಕೊಟ್ಟ ರೀಡಿಂಗುಗಳ ಗೆರೆ) ಹಾಕಿ ಸಮೀಕರಣ ತೋರಿಸು ಅಂದರೆ ಇಳಿಜಾರು ಚಿಕ್ಕದಿದ್ದಾಗ '2ಇ-05' (ಅಂದರೆ 0.00002) ಅಂತ ಒಂದೇ ಅಂಕಿಯಲ್ಲಿ ಬರುತ್ತದೆ. ಆ 2ರ ಜಾಗದಲ್ಲಿ ನಿಜವಾದ ಬೆಲೆ 1.5ರಿಂದ 2.5ರವರೆಗೆ ಏನು ಬೇಕಾದರೂ ಇರಬಹುದು. ಅದನ್ನೇ ನೋಟ್‌ಬುಕ್ಕಿಗೆ ಬರೆದುಕೊಂಡು ಅಜ್ಞಾತ ಸ್ಯಾಂಪಲ್ಲಿನ ಸಾಂದ್ರತೆ ಕಂಡುಹಿಡಿದರೆ ಉತ್ತರ ಕಾಲು ಭಾಗದಷ್ಟು ಹೊರಗೆ ಹೋಗಬಹುದು. ಆ ಲೇಬಲ್ಲಿನ ಮೇಲೆ ರೈಟ್ ಕ್ಲಿಕ್ ಮಾಡಿ ದಶಮಾಂಶ ಸ್ಥಾನ ಹೆಚ್ಚಿಸಿ. ಇನ್ನೂ ಒಳ್ಳೆಯದೆಂದರೆ ಸೆಲ್ಲಿನಲ್ಲಿ 'ಲಿನೆಸ್ಟ್' ಫಂಕ್ಷನ್ ಬಳಸಿ, ಇಳಿಜಾರಿನ ಜೊತೆ ಅದರ ಅನಿಶ್ಚಿತತೆಯೂ ಸಿಗುತ್ತದೆ. ಎಕ್ಸ್‌ಪೊನೆನ್ಷಿಯಲ್ ಟ್ರೆಂಡ್‌ಲೈನನ್ನು ಎಕ್ಸೆಲ್ ಲಾಗರಿದಮ್ಮಿಗೆ ತಿರುಗಿಸಿಕೊಂಡು ಸರಳರೇಖೆಯಾಗಿ ಫಿಟ್ ಮಾಡುತ್ತದೆ ಅನ್ನುವುದೂ ನೆನಪಿರಲಿ. ಬಾಲದಲ್ಲಿರುವ ಚಿಕ್ಕ ಬೆಲೆಗಳಿಗೆ ಅಲ್ಲಿ ಅತಿಯಾದ ತೂಕ ಸಿಗುತ್ತದೆ. ಕೈನೆಟಿಕ್ಸ್‌ಗೆ (ಕ್ರಿಯೆಯ ವೇಗದ ಲೆಕ್ಕಕ್ಕೆ) ಸರಿಯಾದ ನಾನ್‌ಲೀನಿಯರ್ ಫಿಟ್, ಅಂದರೆ ಬಾಗಿದ ಗೆರೆಯನ್ನೇ ನೇರವಾಗಿ ಡೇಟಾಕ್ಕೆ ಹೊಂದಿಸುವುದು ಬೇಕಾದರೆ ಟ್ರೆಂಡ್‌ಲೈನ್ ಸಾಲದು. ಸಾಲ್ವರ್ ಅನ್ನುವ ಅದರ ಉಪಸಾಧನ ಹಿಡಿದು ಎಕ್ಸೆಲಿನಲ್ಲೂ ಮಾಡಬಹುದು, ಆದರೆ ಅದಕ್ಕೆಂದೇ ಮಾಡಿದ ಸಾಧನಗಳು ಪುಕ್ಕಟೆ ಇರುವಾಗ ಯಾಕೆ ಅಷ್ಟು ಒದ್ದಾಟ?

ಸಾಲುಗಳ ಮಿತಿಯ ಬಗ್ಗೆ ಒಂದು ಮಾತು. ಹಳೆಯ ಎಕ್ಸ್‌ಎಲ್‌ಎಸ್ ಫೈಲಿನಲ್ಲಿ 65,536 ಸಾಲು ಮಾತ್ರ ಹಿಡಿಸುತ್ತದೆ. ಸೆಕೆಂಡಿಗೊಂದು ರೀಡಿಂಗ್ ಬರೆಯುವ ಡೇಟಾ ಲಾಗರ್ ಇದ್ದರೆ ಒಂದು ದಿನಕ್ಕೇ 86,400 ಸಾಲು. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ಲೆಕ್ಕದಿಂದ ಜಾರಿಹೋದದ್ದು ಈ ಹಳೆಯ ಫೈಲಿನ ಮಿತಿಯಿಂದಲೇ. ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576 ಸಾಲುಗಳಿವೆ. ನಿಮ್ಮ ಯುವಿ ಸ್ಪೆಕ್ಟ್ರಮ್ಮಿಗೆ ಎರಡರಲ್ಲಿ ಯಾವುದಾದರೂ ಸಾಕು.

ಎಕ್ಸೆಲ್ ಇಲ್ಲದಿದ್ದರೆ, ಅಥವಾ ಇರುವುದು ಯಾರೋ ಕೊಟ್ಟ 'ಆಕ್ಟಿವೇಟ್' ಮಾಡಿದ ಪ್ರತಿಯಾದರೆ, ಲಿಬ್ರೆಆಫೀಸ್ ಹಾಕಿಕೊಳ್ಳಿ. ಓಪನ್‌ಆಫೀಸ್‌ನಿಂದ 2010ರಲ್ಲಿ ಕವಲೊಡೆದು ಬಂದದ್ದು, ಪೂರ್ತಿ ಉಚಿತ, 4 ಜಿಬಿಯಲ್ಲಿ ಓಡುತ್ತದೆ. ಸಹಾಯದ ಪುಟಗಳು ವಿಂಡೋಸಿಗೆ ಬೇರೆ ಫೈಲಾಗಿ ಬರುತ್ತವೆ. ಕಾಲೇಜಿನ ನೆಟ್ಟಿನಲ್ಲಿ ಅದನ್ನೂ ಇಳಿಸಿಕೊಂಡು ಹೋಗಿ, ಹಾಸ್ಟೆಲಿನಲ್ಲಿ ನೆಟ್ ಇಲ್ಲದಿದ್ದರೂ ಓದಬಹುದು. ಕ್ಯಾಲ್ಕಿನ ಚಾರ್ಟುಗಳು ನೋಡಲು ಎಕ್ಸೆಲಿನಷ್ಟು ನಯವಲ್ಲ, ನಿಜ. ಆದರೆ ಚಾರ್ಟಿನ ಮೇಲೆ ರೈಟ್ ಕ್ಲಿಕ್ ಮಾಡಿ ಎಸ್‌ವಿಜಿಯಾಗಿ ಉಳಿಸಬಹುದು, ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯುವುದಿಲ್ಲ.

ಈಗ ಒರಿಜಿನ್. ಸೀನಿಯರ್‌ಗಳು ಸುಮ್ಮನೆ ಹೊಗಳುತ್ತಿಲ್ಲ. ಐದು ಎಕ್ಸ್‌ಆರ್‌ಡಿ (ಎಕ್ಸ್‌-ರೇ ಡಿಫ್ರಾಕ್ಷನ್) ಪ್ಯಾಟರ್ನುಗಳನ್ನು ಒಂದರ ಮೇಲೊಂದು ಜೋಡಿಸಿ ತೋರಿಸಬೇಕಾದರೆ ಕ್ಯಾಲ್ಕಿನಲ್ಲಿ ಪ್ರತಿಯೊಂದಕ್ಕೂ ಇಷ್ಟಿಷ್ಟು ಅಂತ ಕೂಡಿಸಿ ಹೊಸ ಕಾಲಮ್ ಮಾಡಬೇಕು, ಒರಿಜಿನ್ನಿನಲ್ಲಿ ಅದಕ್ಕೆಂದೇ ಒಂದು ಮೆನು ಇದೆ. ಪೀಕ್ ಹುಡುಕುವುದು, ಬೇಸ್‌ಲೈನ್ ತೆಗೆಯುವುದು, ಒಂದು ಗ್ರಾಫಿನ ರೂಪವನ್ನು ಟೆಂಪ್ಲೇಟಾಗಿ ಉಳಿಸಿ ಉಳಿದವಕ್ಕೆಲ್ಲ ಹಾಕುವುದು ಎಲ್ಲ ಸಲೀಸು. ನಿಮ್ಮ ವಿಭಾಗದ ಕಂಪ್ಯೂಟರಿನಲ್ಲಿ ಲೈಸೆನ್ಸ್ ಇರುವ ಪ್ರತಿ ಇದೆಯೇ ವಿಚಾರಿಸಿ, ಇದ್ದರೆ ಅಲ್ಲಿ ಕೂತು ಕಲಿಯಿರಿ, ಕೆಲಸಕ್ಕೆ ಬರುತ್ತದೆ. ಆದರೆ ಪೆನ್‌ಡ್ರೈವಿನದ್ದು ಬೇಡ. ಕಾನೂನಿನ ಮಾತು ಒಂದು ಕಡೆ ಇರಲಿ, ಆ ಕ್ರ್ಯಾಕ್ ಹಾಕಲು ಮೊದಲು ಆಂಟಿವೈರಸ್ ಆಫ್ ಮಾಡಿ ಅನ್ನುತ್ತಾರಲ್ಲ, ಆಗಲೇ ಎಚ್ಚರವಾಗಬೇಕು. ಅದೇ ಪೆನ್‌ಡ್ರೈವ್ ನಾಳೆ ಉಪಕರಣದ ಕಂಪ್ಯೂಟರಿಗೂ ಹೋಗುತ್ತದೆ. ಇನ್ನೊಂದು ತೊಂದರೆ: ನಿಮ್ಮ ಗ್ರಾಫುಗಳೆಲ್ಲ ಒರಿಜಿನ್ನಿನ ಪ್ರಾಜೆಕ್ಟ್ ಫೈಲಿನೊಳಗೆ ಕೂತರೆ, ಕಾಲೇಜು ಬಿಟ್ಟ ಮೇಲೆ ಅವನ್ನು ತಿದ್ದಲು ಮತ್ತೆ ಅದೇ ಸಾಫ್ಟ್‌ವೇರ್ ಬೇಕು. ಉಚಿತ ವ್ಯೂವರ್ ಇದೆ, ಅದರಲ್ಲಿ ತೆರೆದು ನೋಡಬಹುದು ಅಷ್ಟೇ.

ನಿಮ್ಮ ಜಾಗದಲ್ಲಿ ನಾನಿದ್ದರೆ ಥೀಸಿಸ್ಸಿನ ಫಿಗರುಗಳಿಗೆ ಲ್ಯಾಬ್‌ಪ್ಲಾಟ್ ಅಥವಾ ವ್ಯೂಸ್ (Veusz) ಹಾಕಿಕೊಳ್ಳುತ್ತಿದ್ದೆ, ಎರಡೂ ಗ್ರಾಫಿಗೆಂದೇ ಇರುವ ಉಚಿತ ಸಾಫ್ಟ್‌ವೇರ್. ಲ್ಯಾಬ್‌ಪ್ಲಾಟ್ ಉಚಿತ ಸಾಫ್ಟ್‌ವೇರ್ ಮಾಡುವ ಕೆಡಿಇ ಸಮುದಾಯದವರದ್ದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮುಖಚಹರೆ ಒರಿಜಿನ್ನಿನ ಹತ್ತಿರದ್ದು, ನಾನ್‌ಲೀನಿಯರ್ ಫಿಟ್ ಚೆನ್ನಾಗಿದೆ. ಹಳೆಯ ಪೇಪರಿನಲ್ಲಿ ಅಚ್ಚಾದ ಗ್ರಾಫಿನ ಚಿತ್ರದಿಂದ ಬಿಂದುಗಳನ್ನು ಎತ್ತಿಕೊಳ್ಳುವ ಸೌಲಭ್ಯವೂ ಇದೆ, ನಿಮ್ಮ ಫಲಿತಾಂಶವನ್ನು ಬೇರೆಯವರದ್ದರ ಜೊತೆ ಹೋಲಿಸಲು ಬಹಳ ಅನುಕೂಲ. ವ್ಯೂಸ್ ಇನ್ನೂ ಸರಳ. ನನಗೆ ಅದು ಇಷ್ಟವಾಗಲು ಕಾರಣ ಒಂದೇ: ಡೇಟಾವನ್ನು ಒಳಗೆ ನುಂಗುವ ಬದಲು ಸಿಎಸ್‌ವಿ ಫೈಲಿಗೆ (ಅಲ್ಪವಿರಾಮ ಹಾಕಿ ಸಂಖ್ಯೆಗಳನ್ನು ಬರೆದಿಟ್ಟ ಸರಳ ಟೆಕ್ಸ್ಟ್ ಫೈಲಿಗೆ) ಲಿಂಕ್ ಇಟ್ಟುಕೊಳ್ಳಬಹುದು. ಮೂರನೇ ಸ್ಯಾಂಪಲ್ ಮತ್ತೆ ಓಡಿಸಿದಿರಾ? ಸಿಎಸ್‌ವಿ ಬದಲಿಸಿ, ರೀಲೋಡ್ ಒತ್ತಿ, ಅಕ್ಷ, ಬಣ್ಣ, ಲೇಬಲ್ ಯಾವುದೂ ಅಲ್ಲಾಡದೆ ಹೊಸ ಗ್ರಾಫ್. ಅದರ ಫೈಲು ಕೂಡ ಬರೀ ಟೆಕ್ಸ್ಟ್, ನೋಟ್‌ಪ್ಯಾಡಿನಲ್ಲಿ ತೆರೆದರೂ ಏನಿದೆ ಅಂತ ಓದಬಹುದು.

ಪವರ್ ಬಿಐ, ಟ್ಯಾಬ್ಲೋ ಬಗ್ಗೆ ಯೂಟ್ಯೂಬಿನಲ್ಲಿ ಬಹಳ ಕೇಳುತ್ತೀರಿ. ಅವು ಕಂಪನಿಯ ಮಾರಾಟದ ಲೆಕ್ಕ ತೋರಿಸುವವರಿಗೆ, ಸ್ಪೆಕ್ಟ್ರಮ್ಮಿಗಲ್ಲ.

ಪೈಥಾನ್ ಅಥವಾ ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕೇ? ಪಿಎಚ್‌ಡಿ ಕಡೆ ಮನಸ್ಸಿದ್ದರೆ ಕಲಿಯಿರಿ, ಮತ್ತೆ ಮತ್ತೆ ಮಾಡುವ ಕೆಲಸಕ್ಕೆ ಸ್ಕ್ರಿಪ್ಟಿಗಿಂತ ಒಳ್ಳೆಯದು ಇಲ್ಲ. ಪ್ರಾಜೆಕ್ಟ್ ಸಲ್ಲಿಸಲು ಎರಡು ತಿಂಗಳಿರುವಾಗ ಮಾತ್ರ ಶುರುಮಾಡಬೇಡಿ.

ಯಾವುದನ್ನು ಆರಿಸುವ ಮುನ್ನವೂ ಒಂದು ಮಧ್ಯಾಹ್ನ ಪರೀಕ್ಷೆ ಮಾಡಿ. ನಿಮ್ಮ ಹತ್ತಿರ ಇರುವ ಅತಿ ತರಲೆ ಡೇಟಾ ತೆಗೆದುಕೊಳ್ಳಿ. ಎರಡು ವೈ ಅಕ್ಷ, ಎರರ್ ಬಾರ್, ಒಂದು ಲಾಗ್ ಅಕ್ಷ, ಲೇಬಲ್ಲಿನಲ್ಲಿ λ ಮತ್ತು ಘಾತವಾಗಿ ಮೇಲೆ ಬರೆಯುವ ಮೈನಸ್ ಒಂದು (⁻¹), ಇವಿಷ್ಟೂ ಇರುವ ಒಂದು ಗ್ರಾಫ್ ಮಾಡಿ. ಅದನ್ನು 85 ಮಿಲಿಮೀಟರ್ ಅಗಲಕ್ಕೆ ಹೊರತೆಗೆಯಿರಿ, ಜರ್ನಲ್ಲುಗಳ ಒಂದು ಕಾಲಮ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 300 ಡಿಪಿಐಗೆ ಅದು ಸುಮಾರು 1000 ಪಿಕ್ಸೆಲ್, 600ಕ್ಕೆ 2000. ಆ ಅಳತೆಯಲ್ಲೇ ಪ್ರಿಂಟ್ ತೆಗೆದು ಅಕ್ಷರ ಓದಲಾಗುತ್ತದೆಯೇ ನೋಡಿ. ಪರದೆಯ ಮೇಲೆ ದೊಡ್ಡದಾಗಿ ಮಾಡಿ ಆಮೇಲೆ ವರ್ಡಿನಲ್ಲಿ ಎಳೆದು ಕುಗ್ಗಿಸುವುದರಿಂದಲೇ ಇರುವೆಯಂಥ ಅಕ್ಷರಗಳ ಫಿಗರುಗಳು ಹುಟ್ಟುವುದು. ಜೆಪೆಗ್ ಬೇಡ, ಗೆರೆಗಳ ಸುತ್ತ ಕೊಳೆ ಕಟ್ಟುತ್ತದೆ. ಪಿಡಿಎಫ್, ಎಸ್‌ವಿಜಿ, ಇಲ್ಲವಾದರೆ ಪಿಎನ್‌ಜಿ.

ಕನ್ನಡದ ವಿಷಯ ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ಇಲ್ಲಿ ಹೆಸರುವಾಸಿಗಳೇ ಎಡವುತ್ತವೆ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡುವವರಾದರೆ ಯೂನಿಕೋಡ್ ಆಯ್ಕೆಯಲ್ಲೇ ಮಾಡಿ. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರ ಕೂರಿಸಿದ ಹಳೆಯ ಆಸ್ಕಿ ಫಾಂಟಿನ ಲೇಬಲ್ ನಿಮ್ಮ ಯಂತ್ರದಲ್ಲಿ ಚೆನ್ನಾಗಿ ಕಂಡು, ಗೈಡ್ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಎಕ್ಸೆಲ್, ಲಿಬ್ರೆಆಫೀಸ್ ಎರಡರಲ್ಲೂ ಯೂನಿಕೋಡ್ ಕನ್ನಡ ಸರಿಯಾಗಿ ಬರುತ್ತದೆ. ಪೈಥಾನಿನಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮೊದಲು ಬರೀ ಚೌಕಗಳು ಬರುತ್ತವೆ, ಅದರ ಡೀಫಾಲ್ಟ್ ಫಾಂಟಿನಲ್ಲಿ ಕನ್ನಡವಿಲ್ಲ. ನೋಟೊ ಸಾನ್ಸ್ ಕನ್ನಡ ಎಂಬ ಫಾಂಟ್ ಹಾಕಿದರೆ ಅಕ್ಷರ ಬರುತ್ತದೆ, ಆದರೆ ಇಷ್ಟು ಕಾಲ ಎಲ್ಲರ ಕೈಯಲ್ಲಿರುವ ಆವೃತ್ತಿಗಳಲ್ಲಿ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ, 'ಉಷ್ಣತೆ' ಹೋಗಿ 'ಉಷ್‌ಣತೆ' ಆಗುತ್ತದೆ. ಅದಕ್ಕೊಂದು ಸುತ್ತುದಾರಿ: ಅಕ್ಷರಗಳನ್ನು ಗೆರೆಯಾಗಿ ಬದಲಿಸದೆ ಅಕ್ಷರವಾಗಿಯೇ ಬಿಡುವಂತೆ ಸೆಟ್ಟಿಂಗ್ ಬದಲಿಸಿ ಎಸ್‌ವಿಜಿ ತೆಗೆದು, ಇಂಕ್‌ಸ್ಕೇಪ್ ಎಂಬ ಚಿತ್ರ ತಿದ್ದುವ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು ಪಿಡಿಎಫ್ ಮಾಡಿ. ಒತ್ತು ತಾನಾಗಿಯೇ ಜಾಗಕ್ಕೆ ಕೂರುತ್ತದೆ.

ತಮಾಷೆಯೆಂದರೆ 1986ರಿಂದ ಇರುವ, ಕಪ್ಪು ಕಿಟಕಿಯಲ್ಲಿ ಕಮಾಂಡ್ ಬರೆಯುವ ಗ್ನುಪ್ಲಾಟ್ ಈ ಕೆಲಸವನ್ನು ಗೊಣಗದೆ ಮಾಡುತ್ತದೆ. ಪಿಎನ್‌ಜಿಕೈರೊ ಅಥವಾ ಪಿಡಿಎಫ್‌ಕೈರೊ ಟರ್ಮಿನಲ್ (ಗ್ರಾಫ್ ಯಾವ ಬಗೆಯ ಫೈಲಾಗಿ ಹೊರಬರಬೇಕು ಅನ್ನುವ ಆಯ್ಕೆ) ಆರಿಸಿ, ಎನ್‌ಕೋಡಿಂಗ್ ಯುಟಿಎಫ್8 ಅಂತ ಹೇಳಿ, ಕನ್ನಡ ಫಾಂಟಿನ ಹೆಸರು ಕೊಟ್ಟರೆ ಆಯಿತು. ಹಳೆಯ ಲ್ಯಾಪ್‌ಟಾಪಿಗೂ ಭಾರವಾಗುವುದಿಲ್ಲ. ನಾಲ್ಕೈದು ಸಾಲಿನ ಒಂದು ಫೈಲ್ ಬರೆದಿಟ್ಟುಕೊಂಡರೆ ಇಂಗ್ಲಿಷ್ ಲೇಬಲ್ಲಿನದ್ದೊಂದು, ಕನ್ನಡದ್ದೊಂದು, ಎರಡೂ ಅದೇ ಡೇಟಾದಿಂದ ಬರುತ್ತವೆ. ನಿಮ್ಮ ಡೇಟಾ ಹೇಗಿದೆ, ಎಷ್ಟು ಕಾಲಮ್ ಅಂತ ಕೆಳಗೆ ಬರೆದರೆ ಆ ಸಾಲುಗಳನ್ನು ಇಲ್ಲೇ ಹಾಕಿಕೊಡುತ್ತೇನೆ.