ಮಲ್ಲಯ್ಯನ ಹಾದಿಯಲ್ಲಿ ಕುಡಿಯುವ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ನಮ್ಮ ಹಳ್ಳಿಯಿಂದ 22 ಜನ ಪ್ರತಿವರ್ಷ ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತೇವೆ. ಸಾಮಾನು ಸಾಗಿಸುವ ಟ್ರ್ಯಾಕ್ಟರಿನಲ್ಲಿ ನೀರಿನ ಟ್ಯಾಂಕೂ ಇರುತ್ತದೆ. ಹೋದ ವರ್ಷ ಕರ್ನೂಲು ದಾಟಿದ ಮೇಲೆ ನಾಲ್ವರಿಗೆ ವಾಂತಿಭೇದಿಯಾಗಿ, ಇಬ್ಬರು ಅರ್ಧ ದಾರಿಯಿಂದಲೇ ಊರಿಗೆ ಮರಳಿದರು. ಒಳ್ಳೆಯ ನೀರನ್ನು ಗುರುತಿಸುವುದು ಹೇಗೆ?

ಉತ್ತರ: ನೀರು ಎಲ್ಲಿಯದೆಂದು ನಾವೆಲ್ಲ ವಿಚಾರಿಸುತ್ತೇವೆ; ಆ ನೀರಿಗೆ ಯಾರ ಯಾರ ಕೈ ತಾಗಿದೆ ಎಂಬುದನ್ನು ಮಾತ್ರ ನೋಡುವುದಿಲ್ಲ. ಈ ಹಾದಿಯಲ್ಲಿ ನಡೆದಾಗ ನಾನು ಒಂದು ಅರವಟಿಗೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಒದ್ದೆ ಗೋಣಿತಟ್ಟು ಸುತ್ತಿದ ಹರವಿಯಲ್ಲಿ ತಣ್ಣನೆಯ ನೀರಿತ್ತು, ಬಾಯಿಗೆ ತಟ್ಟೆ ಮುಚ್ಚಿತ್ತು. ಆದರೆ ಬಂದವರು ತಟ್ಟೆ ಸರಿಸಿ, ಕಾಲಿನ ಬೊಬ್ಬೆ ಒರೆಸಿಕೊಂಡ ಕೈಯಲ್ಲೇ ಲೋಟ ಹಿಡಿದು, ಮಣಿಕಟ್ಟಿನವರೆಗೆ ಮುಳುಗಿಸಿ ನೀರು ತೆಗೆಯುತ್ತಿದ್ದರು. ಮುಂದಿನ ಊರಿನ ಅರವಟಿಗೆಯಲ್ಲಿ ಒಬ್ಬ ಅಜ್ಜಿ ಹರವಿಯನ್ನು ಯಾರಿಗೂ ಮುಟ್ಟಗೊಡದೆ, ಉದ್ದ ಹಿಡಿಕೆಯ ಸೌಟಿನಿಂದ ತಾವೇ ನೀರೆತ್ತಿ ಎಲ್ಲರ ಬೊಗಸೆಗೆ ಸುರಿಯುತ್ತಿದ್ದರು. ಎರಡು ಕಡೆಯೂ ನೀರು ಒಂದೇ ಕೊಳವೆಬಾವಿಯದಾಗಿದ್ದರೂ ನಾನು ಆ ಅಜ್ಜಿ ಕೊಟ್ಟ ನೀರನ್ನೇ ಕುಡಿಯುತ್ತೇನೆ.

ನಿಮ್ಮ ಟ್ಯಾಂಕಿಗೂ ಇದೇ ಮಾತು ಸಲ್ಲುತ್ತದೆ. ಹೊರಡುವ ಮೊದಲು ಒಳಗೆಲ್ಲ ಉಜ್ಜಿ ತೊಳೆಯಿರಿ, ತಳಕ್ಕೆ ನಲ್ಲಿ ಕೂಡಿಸಿ, ಮೇಲಿನ ಮುಚ್ಚಳ ತೆಗೆದು ಯಾರೂ ತಂಬಿಗೆ ಅದ್ದದಂತೆ ನೋಡಿಕೊಳ್ಳಿ. 1000 ಲೀಟರ್ ತಿಳಿನೀರಿಗೆ ಹಳತಾಗದ ಬ್ಲೀಚಿಂಗ್ ಪೌಡರ್ 2.5 ಗ್ರಾಂ ಸಾಕು. ಅದನ್ನು ಒಂದು ಮಗ್ ನೀರಿನಲ್ಲಿ ಕದಡಿ, ಪುಡಿಯಲ್ಲಿರುವ ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು, ಒಂದು ಗಂಟೆ ಬಿಟ್ಟು ಬಳಸಬೇಕು. ಅದರ ಸಣ್ಣ ವಾಸನೆಗೆ ಮೂಗು ಮುರಿದು ನೀರನ್ನು ಚೆಲ್ಲುವವರಿದ್ದಾರೆ. ಆ ವಾಸನೆ ಇದ್ದರೇನೇ ನೀರಿನಲ್ಲಿ ರೋಗಾಣು ಕೊಲ್ಲುವ ಕ್ಲೋರಿನ್ನಿನ ಕಾವಲು ಇನ್ನೂ ಇದೆ ಎಂದರ್ಥ. ಈ ಕೆಲಸವನ್ನು ದಿನಕ್ಕೊಬ್ಬರಂತೆ ವಹಿಸಿಕೊಡಿ. ಎಲ್ಲರ ಕೆಲಸವಾದರೆ ಅದು ಯಾರ ಕೆಲಸವೂ ಆಗುವುದಿಲ್ಲ.

ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕಗಳ ನೀರು ಒಳ್ಳೆಯದೇ, ಆದರೆ ಅದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲವಾದ್ದರಿಂದ ಕೊಳಕು ಕ್ಯಾನಿಗೆ ತುಂಬಿದರೆ ಬೇಗ ಕೆಡುತ್ತದೆ. ಫ್ಲೋರೈಡ್ ಇರುವ ಕೊಳವೆಬಾವಿಗಳ ಬಗ್ಗೆ ಹಲವರು ಕೇಳುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನಿಜ. ಆದರೆ ಅದರ ಕೇಡು ವರ್ಷಗಟ್ಟಲೆ ಕುಡಿದವರಿಗೆ. ಕೆಲವೇ ದಿನ ನಡೆಯುವವರು ಮೊದಲು ಅಂಜಬೇಕಾದದ್ದು ರೋಗಾಣುವಿಗೆ.

ಪ್ರಶ್ನೆ: ನಲ್ಲಮಲ ಕಾಡಿನೊಳಗೆ ಕೆರೆಯ ನೀರನ್ನೇ ಕುಡಿಯಬೇಕಾಗಿ ಬಂದರೆ ಏನು ಮಾಡಬೇಕು?

ಉತ್ತರ: ಆತ್ಮಕೂರು ಬಿಟ್ಟು ವೆಂಕಟಾಪುರದಿಂದ ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳದ ಮೇಲೆ ಕೈಲಾಸ ಬಾಗಿಲಿಗೆ ಹತ್ತುವ ಕಾಲುದಾರಿಯಲ್ಲಿ ಟ್ರ್ಯಾಕ್ಟರ್ ನಿಮ್ಮ ಜೊತೆಗಿರುವುದಿಲ್ಲ, ಅದು ದೋರ್ನಾಲದ ರಸ್ತೆ ಹಿಡಿದು ಸುತ್ತಿ ಬರಬೇಕು. ಆದ್ದರಿಂದ ಕಾಡು ಹೊಗುವ ಮುನ್ನ ತಲೆಗೆ ಮೂರು ಲೀಟರಿನಷ್ಟಾದರೂ ನೀರು ಹೆಗಲ ಮೇಲಿರಲಿ. ಹಬ್ಬದ ದಿನಗಳಲ್ಲಿ ದಾರಿಯಲ್ಲಿ ನೀರು ಕೊಡುವ ಪುಣ್ಯಾತ್ಮರಿರುತ್ತಾರೆ, ಆದರೆ ನೀವು ತಲುಪುವ ಹೊತ್ತಿಗೆ ಅವರ ಡ್ರಮ್ಮು ಬರಿದಾಗಿರಬಹುದು.

ಕೆರೆಯ ನೀರೇ ಗತಿಯಾದರೆ, ಜನ ಮೀಯುವ ದಡದಿಂದ ದೂರ ಹೋಗಿ ತುಂಬಿಕೊಳ್ಳಿ. ಹಳೆಯ ಹತ್ತಿ ಸೀರೆಯನ್ನು ಎಂಟು ಪದರ ಮಡಿಸಿ ಸೋಸಿ. ನಮ್ಮ ಸೀಮೆಯ ಮೆಟ್ಟಿಲುಬಾವಿಗಳಿಂದ ಹರಡುತ್ತಿದ್ದ ನಾರುಹುಣ್ಣು (ಕುಡಿದ ನೀರಿನಿಂದ ಮೈಹೊಕ್ಕ ಹುಳು ಚರ್ಮ ಸೀಳಿ ಹೊರಬರುವ ರೋಗ) 2000ನೇ ಇಸವಿಯ ಹೊತ್ತಿಗೆ ಇಡೀ ದೇಶದಿಂದ ತೊಲಗಿದ್ದರಲ್ಲಿ ಬಟ್ಟೆಯಲ್ಲಿ ಸೋಸುವ ರೂಢಿಯ ಪಾಲು ದೊಡ್ಡದು. ಆದರೆ ಭೇದಿ ತರುವ ಅನೇಕ ರೋಗಾಣುಗಳು ಬಟ್ಟೆಯಿಂದ ನುಸುಳುತ್ತವೆ. ಹಾಗಾಗಿ ಸೋಸಿದ ನೀರಿಗೆ ಕ್ಲೋರಿನ್ ಮಾತ್ರೆಯನ್ನು ಅದರ ಚೀಟಿಯಲ್ಲಿ ಬರೆದ ಅಳತೆಯಂತೆ ಹಾಕಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ಹುಲಿ ಇರುವ ಕಾಡಿನಲ್ಲಿ ಒಣಗಿದ ಎಲೆಗಳ ನಡುವೆ ಒಲೆ ಹೂಡಿ ನೀರು ಕಾಯಿಸಲು ದಯವಿಟ್ಟು ಹೋಗಬೇಡಿ, ಖಾಲಿ ಬಾಟಲಿಯನ್ನೂ ಅಲ್ಲಿ ಎಸೆಯಬೇಡಿ.

ಯಾರಿಗಾದರೂ ಭೇದಿ ಶುರುವಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಿರಿ. ಚಮಚವೆಂದರೆ ಚಹಾ ಚಮಚ. ಅವರನ್ನು ಮುಂದೆ ನಡೆಸದೆ, ವಾಹನ ಬರುವ ಜಾಗಕ್ಕೆ ಕರೆತನ್ನಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಅರವತ್ತು ದಾಟಿದೆ. ದಾರಿಯಲ್ಲಿ ಬಯಲಿಗೆ ಹೋಗಲು ಮರೆ ಸಿಗುವುದಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯುವುದಿಲ್ಲ. ಏನು ಹೇಳಲಿ?

ಉತ್ತರ: ತಂಗೀ, ಈ ಪ್ರಶ್ನೆಯನ್ನು ಬರೆದು ಕೇಳಿದ್ದಕ್ಕೆ ನಿಮಗೆ ಕೃತಜ್ಞತೆಗಳು. ಬಿಸಿಲಿನಲ್ಲಿ ನೀರು ಬಿಟ್ಟು ನಡೆದರೆ ಉರಿಮೂತ್ರ, ತಲೆಸುತ್ತು ಬರುತ್ತವೆ. ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ. ಮೂತ್ರ ಕಡು ಹಳದಿಯಾದರೆ ನೀರು ಸಾಲದಾಗಿದೆ ಎಂದು ತಿಳಿಯಬೇಕು. ಅವರು ನೀರಿನ ಜೊತೆಗೆ ಉಪ್ಪು ಹಾಕಿದ ಮಜ್ಜಿಗೆಯನ್ನೂ ಅಂಬಲಿಯನ್ನೂ ಸ್ವಲ್ಪ ಸ್ವಲ್ಪವಾಗಿ ಕುಡಿಯಲಿ. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಉಪ್ಪಿನ ವಿಷಯವನ್ನು ಮೊದಲೇ ವೈದ್ಯರಲ್ಲಿ ಕೇಳಿರಿ. ಆದರೆ ಅತ್ತೆಯವರಿಗೆ ಬುದ್ಧಿ ಹೇಳಿದರಷ್ಟೇ ಸಾಲದು, ಮರೆ ಒದಗಿಸಬೇಕು. ಟ್ರ್ಯಾಕ್ಟರಿನಲ್ಲಿ ನಾಲ್ಕು ಗಳ, ಎರಡು ಹಳೆಯ ಸೀರೆ, ಒಂದು ಕೊಡ ನೀರು ಇಟ್ಟುಕೊಳ್ಳಿ. ಎರಡು ಗಂಟೆಗೊಮ್ಮೆ ಹೆಂಗಸರೆಲ್ಲ ಒಟ್ಟಿಗೆ ನಿಲ್ಲಲಿ, ಗಂಡಸರು ಅಷ್ಟು ಹೊತ್ತು ಮುಂದೆ ನಡೆದು ತಿರುವಿನಾಚೆ ಕಾಯಲಿ ಎಂದು ಹೊರಡುವ ದಿನವೇ ತಂಡದ ಹಿರಿಯರಿಂದ ಎಲ್ಲರೆದುರು ಹೇಳಿಸಿರಿ.