ಹಂಚು, ಎಸರು, ಕೀಲಿ: ಗದಗಿನ ತಂಗಿಗೆ ಹ್ಯಾಂಬರ್ಗಿನಿಂದ

ತಂಗೀ,

ಅಕ್ಟೋಬರಿಗೆ ಜರ್ಮನಿಯ ಹ್ಯಾಂಬರ್ಗಿಗೆ ಓದಲು ಹೊರಟಿದ್ದೀಯ, “ಒಬ್ಬಾಕಿನ ಹ್ಯಾಂಗ ಇರೋದು ಅಂತ ನೆನಿಸಿದ್ರ ನಿದ್ದಿ ಬರವಲ್ದು” ಅಂತ ಕೇಳಿದ್ದೀಯ. ಬರೀ ಧೈರ್ಯ ಹೇಳಿದರೆ ನಿದ್ದೆ ಬರುವುದಿಲ್ಲ. ಒಂದು ಹಾಳಿ ತಗೊಂಡು ಒಂದೊಂದು ಹೆದರಿಕೆಯ ಮುಂದೂ ಬರಿ: ಎಲ್ಲಿ, ಯಾವಾಗ, ಯಾವ ವಸ್ತು ಕೈಕೊಡುತ್ತದೆ. “ಊಟಕ್ಕ ಏನ್ ಮಾಡ್ಲಿ” ಅಂದರೆ ತಲೆ ಓಡುವುದಿಲ್ಲ. “ಗಾಜಿನ ಒಲೆ ಮ್ಯಾಲೆ ರೊಟ್ಟಿ ಬೇಯ್ತದೋ ಇಲ್ಲೋ” ಅಂದರೆ ಗದಗಿನಲ್ಲೇ ಮಾಡಿ ನೋಡಬಹುದು.

ಇಲ್ಲಿನ ಬಾಡಿಗೆ ಮನೆಗಳಲ್ಲಿ ಗಾಜಿನ ವಿದ್ಯುತ್ ಒಲೆಯೇ ಹೆಚ್ಚು. ತಳ ಉಬ್ಬಿದ ಹಂಚು ಅದಕ್ಕೆ ನಡುವೆ ಮಾತ್ರ ತಾಗುತ್ತದೆ, ರೊಟ್ಟಿಯ ಅಂಚು ಹಸಿ ಉಳಿಯುತ್ತದೆ. ತಳ ಸಪಾಟಾದ ಕಬ್ಬಿಣದ ಹಂಚು ತಾ. ಇಂಡಕ್ಷನ್ ಇದ್ದರೂ ನಡೆಯುತ್ತದೆ. ಗಾಜಿನ ಮೇಲೆ ಎಳೆಯಬೇಡ, ಎತ್ತಿಡು. ಗೀರು ಬಿದ್ದರೆ ಠೇವಣಿಯಲ್ಲಿ ಹಿಡಿಯಬಹುದು.

ಅಂಗಡಿಯ ಜೋಳದ ಹಿಟ್ಟು ಬೀಸಿ ತಿಂಗಳುಗಳೇ ಆಗಿರಬಹುದು. ಜಿಗಿ ಹೋಗಿರುತ್ತದೆ, ಬಡಿಯುವಾಗ ಹರಿಯುತ್ತದೆ. ಜೋಳದಲ್ಲಿ ಗ್ಲುಟೆನ್ (ಗೋಧಿ ಹಿಟ್ಟಿನಲ್ಲಿರುವ ಜಿಗುಟು) ಇಲ್ಲ, ಕುದಿಯುವ ನೀರಿಗೆ ಪಿಷ್ಟ ಉಬ್ಬಿದಾಗಲೇ ಹಿಟ್ಟು ಹಿಡಿದುಕೊಳ್ಳುವುದು. ಎರಡು ಲೋಟ ಹಿಟ್ಟಿಗೆ ಸುಮಾರು ಒಂದೂವರೆ ಲೋಟ ನೀರು, ಚಿಟಿಕೆ ಉಪ್ಪು. ಎಸರು ಕೊತಕೊತ ಕುದಿಯುವಾಗ ಒಂದು ಲೋಟ ಹಿಟ್ಟು ಸುರಿದು ತಿರುವಿ, ಒಲೆ ಆರಿಸಿ, 5 ನಿಮಿಷ ಮುಚ್ಚಿಡು. ಉಳಿದ ಹಿಟ್ಟು ಸೇರಿಸುತ್ತ ಬಿಸಿ ಇರುವಾಗಲೇ ಚೆನ್ನಾಗಿ ನಾದು. ಬರೀ ಬೆಚ್ಚಗಿನ ನೀರು ಹಾಕಿದರೆ ಎಷ್ಟು ನಾದಿದರೂ ಅಷ್ಟೇ. ಹಂಚಿಗೆ ಹಾಕಿದ ಮೇಲೆ ನೀರು ಸವರು, ಅದು ಆರುತ್ತಿದ್ದಂತೆ ತಿರುವು, ಒಣ ಅರಿವೆಯಿಂದ ಒತ್ತು. ಉರಿ ಇಲ್ಲದೆಯೂ ಉಬ್ಬುತ್ತದೆ.

ಒಂದೇ ಕೋಣೆಯ ಮನೆಯಲ್ಲಿ ಒಗ್ಗರಣೆಯ ಘಾಟಿಗೆ ಹೊಗೆಯ ಅಲಾರಂ ಕೂಗಬಹುದು. ಅದನ್ನು ಮುಚ್ಚುವುದು, ಬಿಚ್ಚುವುದು ಬೇಡವೇ ಬೇಡ. ಈ ಒಲೆ ಆರಿಸಿದ ಮೇಲೂ ಕೆಲ ನಿಮಿಷ ಬಿಸಿ ಇರುತ್ತದಲ್ಲ, ಅದನ್ನೇ ಬಳಸಿಕೋ: ಸಾಸಿವೆ ಸಿಡಿದೊಡನೆ ಒಲೆ ಆರಿಸಿ, ಆಮೇಲೆ ಬ್ಯಾಡಗಿ ಮೆಣಸಿನಕಾಯಿ ಹಾಕಿ ಮುಚ್ಚು. ಬಣ್ಣ ಬಿಡುತ್ತದೆ, ಕರಕಾಗುವುದಿಲ್ಲ.

ಇಲ್ಲಿನ ಎಷ್ಟೋ ಬಾಗಿಲುಗಳಿಗೆ ಹೊರಗಡೆ ತಿರುಗುವ ಹಿಡಿಕೆ ಇರುವುದಿಲ್ಲ. ಕಸ ಚೆಲ್ಲಲು ಹೋದಾಗ ಗಾಳಿಗೆ ಬಾಗಿಲು ಬಿತ್ತೋ, ನೀನು ಹೊರಗೇ. ಕೀಲಿ ತೆಗೆಯುವವನನ್ನು ರಾತ್ರಿ ಕರೆಸಿದರೆ ಬಿಲ್ಲು ದೊಡ್ಡದು. ಕೀಲಿ ಕೊರಳಿಗಿರಲಿ, ಇನ್ನೊಂದು ಗೆಳತಿಯ ಹತ್ತಿರ ಇರಲಿ. ತುರ್ತು ನಂಬರು ಭಾರತದಲ್ಲೂ ಇಲ್ಲೂ 112.

ಧಾರವಾಡ ಪೇಡೆ, ತುಪ್ಪ ತರಬೇಡ; ಭಾರತದಿಂದ ಬರುವವರು ಹಾಲಿನ ಪದಾರ್ಥ ತರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಶೇಂಗಾ ಚಟ್ನಿ ಪುಡಿ, ಖಡಕ್ ರೊಟ್ಟಿ ತಾ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಅರಿವೆ ಸುತ್ತಿ ಬಿಗಿಯಾಗಿ ಇಡು, ಅಲುಗಾಡಿದರೆ ಪುಡಿಯಾಗುತ್ತದೆ.

ಈಗಲೇ ಎರಡು ಕೆಜಿ ಜೋಳ ಬೀಸಿಸಿ ಡಬ್ಬಿಯಲ್ಲಿಡು. ಎರಡು ತಿಂಗಳಾದ ಮೇಲೆ ಆ ಹಳೇ ಹಿಟ್ಟಿನಿಂದ ವಿದ್ಯುತ್ ಒಲೆಯ ಮೇಲೆ ರೊಟ್ಟಿ ಮಾಡಿ ನೋಡು. ಹರಿದರೆ ಎಸರು ಎಷ್ಟು ಹಾಕಿದಿ ಅಂತ ಬರಿ.