ಕಾಲು ಬೀಸುವ ವ್ಯಾಯಾಮದಿಂದ ಬರುವ ಸಡಿಲಿಕೆ ಎಷ್ಟು ಹೊತ್ತು?

ಬೆಳಗ್ಗೆ ಶಟಲ್ ಆಡುವ ಮುಂಚೆ ಕಾಲು ಬೀಸಿದರೆ ಬಗ್ಗಿ ಪಾದ ಮುಟ್ಟಬಹುದು, ಮಧ್ಯಾಹ್ನಕ್ಕೆ ಮತ್ತೆ ಬಿಗಿ, ಹಾಗಾದರೆ ಇದು ದಂಡವೇ ಎಂದು ಕೇಳಿದ್ದೀರಿ. ಖಂಡಿತ ದಂಡ ಅಲ್ಲ. ಸ್ನಾಯು ಉದ್ದವಾಗಿರುವುದಿಲ್ಲ, ಅಷ್ಟೇ. ಬೀಸಿದಾಗ ರಕ್ತ ಜಾಸ್ತಿ ಹರಿದು ಸ್ನಾಯು ಬೆಚ್ಚಗಾಗುತ್ತದೆ, ಬಿಗಿತ ಇಳಿಯುತ್ತದೆ. ಎಳೆತವನ್ನು ತಾಳುವ ಶಕ್ತಿಯೂ ಸ್ವಲ್ಪ ಹೆಚ್ಚುತ್ತದೆ. ಮೈ ತಣ್ಣಗಾದರೆ ಇದೆಲ್ಲ ಹೋಗುತ್ತದೆ. ಆಟಕ್ಕೆ ಬೇಕಾದ್ದೂ ಅಷ್ಟು ಹೊತ್ತೇ ಅಲ್ವಾ?

ಒಂದೇ ಭಂಗಿಯಲ್ಲಿ 60 ಸೆಕೆಂಡಿಗಿಂತ ಜಾಸ್ತಿ ಎಳೆದು ಹಿಡಿದರೆ ಸ್ನಾಯುವಿನ ಬಲ ಸ್ವಲ್ಪ ಹೊತ್ತು ಕುಗ್ಗಬಹುದು. ಹಾಗಾಗಿ ಆಟಕ್ಕೆ ಮುಂಚೆ ಬೀಸುವುದೇ ಒಳ್ಳೆಯದು. ಮೊದಲು 5 ನಿಮಿಷ ನಡೆಯಿರಿ, ಆಮೇಲೆ ಸಣ್ಣದಾಗಿ ಬೀಸುತ್ತಾ ಎತ್ತರ ಹೆಚ್ಚಿಸಿ. ಜೋರಾಗಿ ಎಗರಿಸಬೇಡಿ. ಮಧ್ಯಾಹ್ನವೂ ಪಾದ ಮುಟ್ಟಬೇಕೆಂದರೆ, ಸಂಜೆ 30 ಸೆಕೆಂಡ್ ಎಳೆದು ಹಿಡಿಯುವ ಅಭ್ಯಾಸವನ್ನು ವಾರಗಟ್ಟಲೆ ಬಿಡದೆ ಮಾಡಿ.